ನಾನು ಸೀಳಿದ ಮೂಲೆಗಲ್ಲು

ಚರಿತ್ರೆ, ಭೂಗೋಳ ಎನ್ನುವ ಪಾಠಗಳು ಶುರುವಾಗುವ ಮೊದಲೇ ನಾನು ಸ್ಕೂಲು ಬಿಟ್ಟೆ. ಆದರೂ ಗವಿಪುರದ ಆಚೆ ಇದ್ದ ಇಪ್ಪತ್ತು ಮನೆಗಳ ಒಂದು ಹಳ್ಳಿಯ ಚರಿತ್ರೆ, ಭೂಗೋಳ ಎರಡೂ ನನಗೆ ಬಾಯಿಪಾಠ ಎಂದು ಜಂಬ ಕೊಚ್ಚಿಕೊಳ್ಳುತ್ತಿದ್ದೆ. ಆ ಜಂಬ ಇಳಿದದ್ದು ಹೇಗೆ ಅಂತ ಬರೆದಿಡುತ್ತೇನೆ.

ಸ್ವಾತಂತ್ರ್ಯ ಬಂದು ನಾಲ್ಕೈದು ವರ್ಷವಾಗಿತ್ತು. ಬಸವನಗುಡಿ ತುಂಬಿ, ಬೆಂಗಳೂರು ಆ ಕಡೆಗೆ ಕಾಲು ಚಾಚುತ್ತಿತ್ತು. ಹಳ್ಳಿಯ ತೋಟಗಳನ್ನೆಲ್ಲ ಸೈಟು ಮಾಡುವ ಕೆಲಸ. ಸೈಟುಗಳ ಮೂಲೆಗೆ ಕಲ್ಲು ನೆಡುವ ಗ್ಯಾಂಗಿಗೆ ನಾನು ಮೇಸ್ತ್ರಿ. ಚಾಮರಾಜಪೇಟೆಯ ಮನೆಯಿಂದ ಬೆಳಿಗ್ಗೆ ಆರಕ್ಕೆ ಹೊರಟು ನಡೆದೇ ಹೋಗುತ್ತಿದ್ದೆ. ಒಂದು ದಿನವೂ ತಡವಾದದ್ದಿಲ್ಲ. ಇದನ್ನು ಕೇಳದವರಿಗೂ ಹೇಳುವ ಚಾಳಿ ನನಗೆ. ಈಗಲೂ ಹೇಳಿಬಿಟ್ಟೆ ನೋಡಿ.

ಹಳ್ಳಿ ಎಂದರೆ ಇಷ್ಟೇ: ಪೂರ್ವಕ್ಕೆ ಒಂದು ಬಂಡೆ, ಪಶ್ಚಿಮಕ್ಕೆ ಹೂಳು ತುಂಬಿದ ಕುಂಟೆ, ನಡುವೆ ಎರಡು ಬೀದಿ. ಬೀದಿ ಮುಗಿದಲ್ಲಿಂದ ಸೊಪ್ಪಿನ ಮಡಿ, ಕನಕಾಂಬರದ ಸಾಲು. ಕುಂಟೆಯ ಕಡೆ ಮೂಲೆಯ ಕೊನೇ ಮನೆ ಒಬ್ಬ ಅಜ್ಜಿಯದು. ಗಂಡ ತೀರಿಕೊಂಡ ಮೇಲೆ ಒಬ್ಬಳೇ ಹೂ ಬೆಳೆದು, ಮಾರ್ಕೆಟ್ಟಿಗೆ ಹೊತ್ತು ಮಾರಿ ಬದುಕುತ್ತಿದ್ದಳು.

ಸರ್ಕಾರದ ಕಾನೂನು ಸರಳವಾಗಿತ್ತು. ಊರಿನ ನಾಲ್ಕು ಮೂಲೆಗೆ ಹಿಂದೆಯೇ ನೆಟ್ಟ ನಾಲ್ಕು ಎಲ್ಲೆಗಲ್ಲು. ಅವುಗಳ ಒಳಗಿನ ಮನೆ ಉಳಿಯುತ್ತದೆ, ಹೊರಗಿನದು ಸೈಟಿಗೆ ಹೋಗುತ್ತದೆ. ಮೊದಲು ತೋಟಗಳ ಕೆಲಸ ನಡೆದಿತ್ತು. ಊರಿನ ಎಲ್ಲೆ ಅಳೆಯಲು ಸರ್ವೇಯರು ಇನ್ನೂ ಬಂದಿರಲಿಲ್ಲ.

ಒಂದು ದಿನ ನಮಗೆ ಎರಡು ಕಲ್ಲು ಕಡಿಮೆ ಬಿತ್ತು. ಗಾಡಿ ಬರುವುದು ಮರುದಿನ. ಇನ್ನೊಬ್ಬನಾಗಿದ್ದರೆ ಬೀಡಿ ಹಚ್ಚಿ ಕೂರುತ್ತಿದ್ದ. ಆದರೆ ನಾನು ಕಷ್ಟಪಟ್ಟು ದುಡಿಯುವವನಲ್ಲವೇ? ಅಜ್ಜಿಯ ಬೇಲಿಯ ಮೂಲೆಯಲ್ಲಿ ಪೊದೆಯೊಳಗೆ ಒಂದು ಕಲ್ಲು ಅರ್ಧ ಹೂತು ನಿಂತಿತ್ತು. ಯಾವುದೋ ಹಳೇ ದನ ಕಟ್ಟುವ ಕಲ್ಲು ಅಂದುಕೊಂಡೆ. ಕೀಳಿಸಿ, ಸಾಲಾಗಿ ತೂತು ಕೊರೆದು, ಬೆಣೆ ಬಡಿದೆ. ಬೆಣ್ಣೆಯ ಹಾಗೆ ಸೀಳಿತು. ಅಜ್ಜಿ ಆ ಹೊತ್ತಿಗೆ ಮಾರ್ಕೆಟ್ಟಿನಲ್ಲಿದ್ದಳು.

ಕಿತ್ತ ಗುಂಡಿಯ ತಳದಲ್ಲಿ ಇದ್ದಿಲು ಕಂಡಿತು. "ಇದೇನಣ್ಣ ಇಲ್ಲಿ ಇದ್ದಿಲು?" ಎಂದು ಗ್ಯಾಂಗಿನವನೊಬ್ಬ ಕೇಳಿದ.

ಗೊತ್ತಿಲ್ಲ ಎನ್ನುವ ಮಾತು ನನ್ನ ಬಾಯಲ್ಲಿ ಬರುತ್ತಿರಲಿಲ್ಲ. "ಹಿಂದೆ ರಾಜರ ಕಾಲದಲ್ಲಿ ಇಲ್ಲಿ ದಂಡು ಬಿಡಾರ ಹೂಡಿತ್ತು ಕಣೋ. ಮುದ್ದೆ ಬೇಯಿಸಿದ ಒಲೆ ಇದು," ಎಂದೆ. ಕುದುರೆಗಳಿಗೆ ಕುಂಟೆಯಲ್ಲಿ ನೀರು ಕುಡಿಸಿದ್ದನ್ನೂ ಸೇರಿಸಿದೆ. ಎಲ್ಲರೂ ತಲೆಯಾಡಿಸಿದರು. ನಾಳೆ ಯಾರಿಗೆ ಕೆಲಸ ಎಂದು ಹೇಳುವವನು ನಾನೇ ತಾನೆ! ಅಡ್ಡವಾಗಿದ್ದ ಬೇಲಿ, ಪೊದೆ ಸವರಿಸಿ, ಗುಂಡಿ ಮುಚ್ಚಿಸಿ ನೆಲ ಮಟ್ಟ ಮಾಡಿಸಿದೆ, ಗುರುತೇ ಸಿಗದಷ್ಟು ಅಚ್ಚುಕಟ್ಟಾಗಿ.

ಹತ್ತು ದಿನದ ಮೇಲೆ ಸರ್ವೇಯರು ನಕ್ಷೆ ಬರೆಯುವ ಹಾಳೆ, ಅಳತೆಯ ಸರಪಳಿ ಹಿಡಿದು ಬಂದರು. ಮೂರು ಎಲ್ಲೆಗಲ್ಲು ಸಿಕ್ಕವು. ನಾಲ್ಕನೆಯದು ಇಲ್ಲ.

"ಮೇಸ್ತ್ರಿ, ಇಲ್ಲಿನ ಕಲ್ಲುಕಲ್ಲೂ ಗೊತ್ತು ಅಂತೀರಂತೆ. ಈ ಮೂಲೇದು ನೋಡಿದೀರಾ?"

"ಇಲ್ಲಿ ಎಲ್ಲೆಗಲ್ಲೇ ಇರಲಿಲ್ಲ ಸ್ವಾಮಿ," ಎಂದೆ, ಬಹಳ ಗಂಭೀರವಾಗಿ.

"ಹಾಗಾದ್ರೆ ಆ ಕಲ್ಲಿಂದ ಈ ಕಲ್ಲಿಗೆ ನೇರ ಹಗ್ಗ ಎಳೀತೀನಿ. ಸಂಜೆಯೊಳಗೆ ನಕ್ಷೆ ಆಫೀಸು ಸೇರಬೇಕು."

ಹಗ್ಗ ಮೂಲೆಯನ್ನು ಕತ್ತರಿಸಿಕೊಂಡು ಹೋಯಿತು. ಅಜ್ಜಿಯ ಮನೆ ಪೂರ್ತಿ ಆಚೆಗೆ.

ಅಜ್ಜಿ ಓಡಿಬಂದಳು. "ಕಲ್ಲು ಇತ್ತು ಸ್ವಾಮಿ, ನನ್ನ ಬೇಲಿ ಮೂಲೇಲೆ. ನಮ್ಮ ಮಾವ ಹೇಳೋರು, ಎಲ್ಲೆಗಲ್ಲು ನೆಡೋವಾಗ ಅಡಿಗೆ ಇದ್ದಿಲು ಹಾಕವ್ರೆ ಅಂತ. ಯಾರಾನಾ ಕಲ್ಲು ಕಿತ್ರೂ ಇದ್ದಿಲು ಕೊಳೆಯಾಕಿಲ್ವಲ್ಲ, ಅದೇ ಸಾಕ್ಷಿ."

ನನ್ನ ದಂಡು, ಕುದುರೆ ಸಮೇತ, ಆ ಕ್ಷಣವೇ ಬಿಡಾರ ಕಿತ್ತು ಹೊರಟುಹೋಯಿತು.

"ಎಲ್ಲಿದೆ ತೋರಿಸಮ್ಮ," ಎಂದರು ಸರ್ವೇಯರು. ಅಜ್ಜಿ ಹುಡುಕಿದಳು. ಬೇಲಿ ಇಲ್ಲ, ಪೊದೆ ಇಲ್ಲ, ನೆಲ ಅಂಗೈಯಷ್ಟು ಸಪಾಟು. ಗ್ಯಾಂಗಿನವರೆಲ್ಲ ನನ್ನನ್ನೇ ನೋಡಿದರು. ನಾನು ಬಂಡೆ ನೋಡಿದೆ. ಸರ್ಕಾರಿ ಕಲ್ಲು ಒಡೆದವನನ್ನು ಮೇಸ್ತ್ರಿಯಾಗಿ ಯಾರು ಇಟ್ಟುಕೊಳ್ಳುತ್ತಾರೆ? ಅಂದು ಇದ್ದಿಲಿನ ವಿಷಯ ಕೇಳಿದ್ದವನು ಮೆಲ್ಲಗೆ, "ಅಣ್ಣಾ, ಆ ದಂಡಿನ ಒಲೆ..." ಎಂದ. ಗದರುವ ಹಾಗೆ ನೋಡಿದೆ.

ಅಜ್ಜಿ ಹುಡುಕುವುದು ಬಿಟ್ಟು ಕೈ ಕೊಡವಿಕೊಂಡಳು. "ಆಗ್ಲಿ ಬಿಡಿ. ಈ ಹೂವಾದ್ರೂ ಬಿಡಿಸ್ಕೊಳ್ಳೋವರ್ಗೂ ಇರಬಹುದಾ ಸ್ವಾಮಿ?"

ಆಮೇಲೆ ಸುಮ್ಮನಿರಲು ಆಗಲಿಲ್ಲ. "ಆ ಕಲ್ಲು ಸೀಳಿದವನು ನಾನೇ ಸ್ವಾಮಿ," ಎಂದೆ. ಅಷ್ಟಕ್ಕೇ ಬಾಯಿ ಮುಚ್ಚಬಾರದಿತ್ತೇ? "ಒಂದೇ ಗಂಟೇಲಿ, ಎರಡೂ ತುಂಡು ಸಮ ಬಂತು," ಎಂದೂ ಸೇರಿಸಿದೆ.

"ಸನ್ಮಾನ ಮಾಡಿಸ್ಲೇನ್ರೀ?" ಎಂದರು ಸರ್ವೇಯರು.

ಹಾರೆ ಹಿಡಿದು ನಾನೇ ಅಗೆದೆ. ಮೊದಲನೇ ಗುಂಡಿಯಲ್ಲಿ ಬರೀ ಮಣ್ಣು. ಎರಡನೆಯದರಲ್ಲೂ ಮಣ್ಣೇ. ಅಚ್ಚುಕಟ್ಟು ಕೆಲಸದ ಫಲ ಅನುಭವಿಸುತ್ತಿದ್ದೆ. "ಹಿಂಗೇ ಅಗೀತಾ ಇರಪ್ಪಾ, ನಂಗೊಂದು ಬಾವಿ ಆದಾತು," ಎಂದಳು ಅಜ್ಜಿ. ಮೂರನೆಯದರಲ್ಲಿ ಮಣ್ಣು ಕಪ್ಪಾಯಿತು. ಅಜ್ಜಿ ಕುಕ್ಕರುಗಾಲಲ್ಲಿ ಕೂತು ಒಂದು ಹಿಡಿ ಬಾಚಿ ಸರ್ವೇಯರ ಮುಂದೆ ಹಿಡಿದಳು. ಅವರು ಹಗ್ಗ ಬಿಚ್ಚಿಸಿ ಆ ಗುಂಡಿಯನ್ನು ಸುತ್ತಿಸಿ ಎಳೆಸಿದರು. ಮನೆ ಒಳಗೆ ಬಂತು, ಜೊತೆಗೆ ಎರಡು ಸಾಲು ಕನಕಾಂಬರವೂ.

ನನ್ನ ಮೇಸ್ತ್ರಿಗಿರಿ ಅಂದೇ ಹೋಯಿತು. ದಂಡಿನ ಒಲೆ ನೆನಪಿಸಿದವನೇ ಮೇಸ್ತ್ರಿಯಾದ. ನಾನು ಅವನ ಕೈಕೆಳಗೆ ಗುಂಡಿ ತೋಡುವವನಾದೆ. ಮರುದಿನವೂ ಸರಿಯಾಗಿ ಆರಕ್ಕೇ ಮನೆ ಬಿಟ್ಟೆ, ಅಷ್ಟು ಮಾನವಾದರೂ ಉಳಿಯಲಿ ಅಂತ. ಅವನು ಕೊಟ್ಟ ಮೊದಲನೇ ಕೆಲಸ ಅಜ್ಜಿಯ ಮೂಲೆಗೆ ಹೊಸ ಎಲ್ಲೆಗಲ್ಲು ನೆಡುವುದು.

ಅಜ್ಜಿ ಹೂ ಕಟ್ಟುತ್ತಾ ಪಕ್ಕದಲ್ಲೇ ಕೂತಳು. "ಆಳವಾಗಿ ತೋಡು. ನಿನ್ನಂಥ ಬುದ್ಧಿವಂತರು ಇನ್ನೂ ಬರ್ತಾರೆ."

ಮೊಣಕಾಲುದ್ದ ಸಾಕಾಗಿತ್ತು. ಸೊಂಟದುದ್ದ ತೋಡಿದೆ.