ಉಪ್ಪಿಲ್ಲದ ಮ್ಯಾಕರೋನಿ, ಮೇಲೊಂದಿಷ್ಟು ರುಚಿ

ಆ ಸೋಮವಾರ ಬೆಳಿಗ್ಗೆ ಸಿರಿ ಎದ್ದು ಬಂದಾಗ ಅವಳ ಕಣ್ರೆಪ್ಪೆಗಳು ಊದಿದ್ದವು. ಆರು ವರ್ಷದ ಮಗಳು. ಯಾವುದೋ ಹುಳ ಮುಟ್ಟಿರಬೇಕು ಎಂದುಕೊಂಡು ಜಡೆ ಹಾಕಿ ಶಾಲೆಯ ಆಟೋ ಹತ್ತಿಸಿದೆ. ಡ್ಯಾಮಿನ ನೀರಿನಿಂದ ಹಿಡಿದು ಕುಕ್ಕರಿನ ಸೀಟಿಯವರೆಗೆ ನಾನು ಹೆದರದ ವಸ್ತುವಿಲ್ಲ. ಹೆದರದೆ ಬಿಟ್ಟಿದ್ದು ಅದೊಂದಕ್ಕೆ.

ಮೂರನೆಯ ದಿನ ಸಾಕ್ಸ್ ಬಿಚ್ಚಿದರೆ ಕಾಲಿನ ಮೇಲೆ ಅದರ ಪಟ್ಟಿ ಅಚ್ಚೊತ್ತಿತ್ತು. ಹೊಸಪೇಟೆಯ ಮಕ್ಕಳ ಡಾಕ್ಟರು ಅವಳ ಮೊಣಕಾಲ ಕೆಳಗೆ ಹೆಬ್ಬೆರಳು ಒತ್ತಿ ತೆಗೆದರು. ಗುಳಿ ಹಾಗೇ ಉಳಿಯಿತು, ನಾದಿದ ಹಿಟ್ಟಿನಲ್ಲಿ ಉಳಿದಂತೆ. ಯೂರಿನ್ ಟೆಸ್ಟ್ ಬರೆದರು. ಪ್ರೋಟೀನ್ ಫೋರ್ ಪ್ಲಸ್.

ನೆಫ್ರೋಟಿಕ್ ಸಿಂಡ್ರೋಮ್.

"ಕಿಡ್ನಿಯ ಜರಡಿ ಸೋರಾಕ ಹತ್ತೈತಿ ಅಂತ ತಿಳ್ಕೊಳ್ರಿ. ಭಾಳ ಮಕ್ಕಳಿಗೆ ಸ್ಟೆರಾಯ್ಡ್‌ನಿಂದ ಕಡಿಮಿ ಆಗತೈತಿ. ಆದ್ರ ಬಾವು ಇಳಿಯೋತನಕ ಉಪ್ಪು ಬ್ಯಾಡ. ಬಾವು ಏರಿದ್ರ ಬಳ್ಳಾರಿಗೆ ಕಳಿಸಿ ಅಡ್ಮಿಟ್ ಮಾಡಿಸಬೇಕಾಗತೈತಿ."

"ಹಂಗಾರ ರುಚಿಗೆ ಏನು ಹಾಕ್ಲಿ, ಡಾಕ್ಟ್ರೇ?"

"ಮೆಣಸು, ನಿಂಬಿಹಣ್ಣು ಹಾಕ್ರಿ."

ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಎಂದು ಗಾದೆ ಕಟ್ಟಿದವರು, ಆ ಬಂಧುವೇ ಒಂದು ದಿನ ಆ ರುಚಿಯನ್ನು ಕಿತ್ತುಕೊಂಡು ಓಡುತ್ತಾಳೆಂದು ಎಣಿಸಿರಲಿಕ್ಕಿಲ್ಲ. ಉಪ್ಪಿನಕಾಯಿ ಜಾಡಿ, ಹಪ್ಪಳದ ಡಬ್ಬಿ ಎಲ್ಲ ಅಟ್ಟ ಸೇರಿದವು. ಒಂದು ತಟ್ಟೆ ಮಂಡಕ್ಕಿ ಒಗ್ಗರಣಿಗೆ ಎರಡು ಮಿರ್ಚಿ ಮುಗಿಸುತ್ತಿದ್ದ ಹುಡುಗಿ ಸಪ್ಪೆ ಸಾರಿಗೆ ಮುಖ ತಿರುಗಿಸಿದಳು. ಎರಡು ದಿನ ಬರೀ ಹಾಲು. ಕಾಲು ಊದುತ್ತಿದ್ದವು, ತೋಳು ಸಣ್ಣಗಾಗುತ್ತಿದ್ದವು.

ಮೂರನೆಯ ದಿನ ಅವಳೇ ಕೇಳಿದಳು. "ಮೊಬೈಲಿನ್ಯಾಗ ಒಬ್ಬಾಕಿ ಮ್ಯಾಕರೋನಿ ಚೀಜ್ ಮಾಡ್ತಾಳ. ಉಪ್ಪು ಹಾಕೂದಿಲ್ಲ, ನಾ ನೋಡೀನಿ. ಅದನ್ನ ಮಾಡಿಕೊಡು."

ನಾನು ಅಂಗಡಿಗೆ ಓಡಿದೆ. ಚೀಜ್ ಪ್ಯಾಕೆಟ್ಟುಗಳ ಬೆನ್ನನ್ನೆಲ್ಲ ಕನ್ನಡಕ ಏರಿಸಿ ಓದಿದೆ. ಎಲ್ಲದರಲ್ಲೂ ಉಪ್ಪು.

"ಉಪ್ಪಿಲ್ಲದ್ದು ಇಲ್ಲೇನ್ರಿ?"

"ಉಪ್ಪಿಲ್ಲದ ಚೀಜ್ ಬೇಕಂದ್ರ ಹಾಲು ಒಯ್ರಿ, ಮೇಡಂ," ಎಂದ ಅಂಗಡಿಯವ.

ಅವನು ಚೇಷ್ಟೆಗೆ ಹೇಳಿದ. ನಾನು ನಿಜವಾಗಿಯೂ ಹಾಲು ಒಯ್ದೆ. ಲಿಂಬೆ ಹಿಂಡಿ ಒಡೆಸಿ, ಬಟ್ಟೆಯಲ್ಲಿ ಸೋಸಿ, ಬಂದ ಪನೀರನ್ನು ಮಿಕ್ಸಿಯಲ್ಲಿ ನುಣ್ಣಗೆ ರುಬ್ಬಿದೆ. ಮನೆಯ ಬೆಣ್ಣೆಯಲ್ಲಿ ಮೈದಾ ಹುರಿದು, ಹಾಲು ಸುರಿದು, ಪನೀರು ಬೆರೆಸಿ ತಿರುವಿದೆ. ಬೆಂದ ಮ್ಯಾಕರೋನಿ ಅದರೊಳಗೆ ಬಿತ್ತು. ಮೊದಲ ಸಲ ಅದು ಗೋಡೆಗೆ ಪೋಸ್ಟರ್ ಅಂಟಿಸುವ ಗಂಜಿಯಾಯಿತು. ಎರಡನೆಯ ಸಲ ಹಾಲು ಹೆಚ್ಚಿಸಿದೆ, ಬಣ್ಣಕ್ಕೆ ಚಿಟಿಕೆ ಅರಿಶಿನ ಹಾಕಿದೆ. ಮೊಬೈಲಿನ ಹಳದಿ ಬಂತು.

ಅಷ್ಟರಲ್ಲಿ ಸಂಜೆಯಾಗಿತ್ತು. ಸಹಾಯಕ್ಕೆಂದು ತಮ್ಮೂರು ಮೆಟ್ರಿಯಿಂದ ಬಂದಿದ್ದ ನಮ್ಮತ್ತೆ ದೇವರಿಗೆ ದೀಪ ಹಚ್ಚಿ ಅಡುಗೆಮನೆಗೆ ಬಂದರು. ಸಿರಿಗೆ ಮಾತ್ರೆ ಕೊಡುವ ಹೊತ್ತು. ನಾನು ಒಳಗೆ ಹೋಗುತ್ತಾ ಹೇಳಿದೆ: "ಅತ್ತಿ, ಸ್ವಲ್ಪ ರುಚಿ ಬರೂವಂಗ ಹಾಕಿ ಕೊಡ್ರಿ. ಡಾಕ್ಟ್ರು ಹಾಕಬೋದು ಅಂದಾರ."

ಸಿರಿ ತಟ್ಟೆ ನೆಕ್ಕಿದಳು. "ಅಮ್ಮಾ, ಮಸ್ತ್ ಐತಿ." ಮರುದಿನ ಸಂಜೆಯೂ ಅದೇ, ಅದರ ಮರುದಿನವೂ ಅದೇ. ಬೇಯಿಸುವುದು ನಾನು, ಕೊನೆಗೆ ಕೈಯಾಡಿಸುವುದು ಅತ್ತೆ. ಉಪ್ಪಿಲ್ಲದೆ ಉಣಿಸುವ ವಿದ್ಯೆ ನನಗೆ ಸಿದ್ಧಿಸಿತೆಂದು ತಂಗಿಗೆ ಫೋನಿನಲ್ಲಿ ಪಾಠವನ್ನೂ ಹೇಳಿದೆ.

ನಾಲ್ಕನೆಯ ದಿನ ಕ್ಲಿನಿಕ್ಕಿನಲ್ಲಿ ತೂಕ ಏರಿತ್ತು. ಕಣ್ಣು ಸೀಳಿನಷ್ಟೇ ಉಳಿದಿದ್ದವು.

"ಎಲ್ಲಿಂದಲೋ ಉಪ್ಪು ಹೋಗಾಕ ಹತ್ತೈತಿ," ಎಂದರು ಡಾಕ್ಟರು. "ಮೂರು ದಿನ ನೋಡ್ತೀನಿ. ಇಳೀಲಿಲ್ಲ ಅಂದ್ರ ಬಳ್ಳಾರಿ."

ನಾನು ಸಿಟ್ಟಾದೆ. ಒಂದು ಹರಳು ಉಪ್ಪು ಹಾಕಿದ್ದರೆ ಕೇಳಿ ಎಂದೆ. ಆ ಸಂಜೆ, ಅತ್ತೆ ಬಡಿಸಿದ ತಟ್ಟೆಯಿಂದಲೇ ಮೊದಲ ಬಾರಿ ಒಂದು ಚಮಚ ಬಾಯಿಗಿಟ್ಟುಕೊಂಡೆ.

ಉಪ್ಪು.

"ಅತ್ತಿ, ಇದಕ್ಕ ಏನು ಹಾಕೀರಿ?"

"ನೀನ ಅಂದೆಲ್ಲವ್ವಾ, ರುಚಿ ಹಾಕ್ರಿ, ಡಾಕ್ಟ್ರು ಒಪ್ಯಾರ ಅಂತ. ದೀಪ ಹಚ್ಚಿದ ಮ್ಯಾಲ ರುಚಿ ಅಂದ್ರ ಮತ್ತೇನು ಹಾಕ್ಬೇಕು?"

ದೀಪ ಹಚ್ಚಿದ ಮೇಲೆ ಅತ್ತೆ ಉಪ್ಪಿನ ಹೆಸರೆತ್ತುವುದಿಲ್ಲ. ಎತ್ತಿದರೆ ಲಕ್ಷ್ಮಿ ಹೊರಗೆ ಹೋಗುತ್ತಾಳೆ. ಸಂಜೆ ಹೊತ್ತು ಅವರಿಗೆ ಉಪ್ಪೆಂದರೆ 'ರುಚಿ'. ನಾನು ಹೇಳಿದ್ದು ಮೆಣಸು, ಲಿಂಬೆಗೆ. ಹನ್ನೆರಡು ವರ್ಷ ಅವರ ಸೊಸೆಯಾಗಿ ಬಾಳಿದವಳಿಗೆ ಇದು ಗೊತ್ತಿಲ್ಲದ್ದಲ್ಲ. ಡ್ಯಾಮು, ಕುಕ್ಕರು ಎಲ್ಲಕ್ಕೂ ಹೆದರಿದವಳು ಒಂದು ಮಾತಿಗೆ ಹೆದರುವುದನ್ನು ಮರೆತಿದ್ದೆ. ನನ್ನ ಕೈರುಚಿ ಎಂದು ನಾನು ಬೀಗಿದ್ದೂ ಅದೇ ಉಪ್ಪಿನ ಡಬ್ಬಿಯ ರುಚಿಗೆ.

ಅತ್ತೆ ಗ್ಯಾಸ್ ಕಟ್ಟೆ ಹಿಡಿದು ನಿಂತುಬಿಟ್ಟರು. "ನನ್ನ ಕೈಲೆ ಕೂಸಿಗೆ ವಿಷ ಹಾಕಿದ್ನೇನ?"

"ನೀವಲ್ರಿ, ನನ್ನ ನಾಲಿಗಿ. ಅಳೂದು ಆಮ್ಯಾಲ. ಈಗ ಬಳ್ಳೊಳ್ಳಿ ಸುಲೀರಿ."

ಇನ್ನು ಮೂರು ದಿನವಿತ್ತು. ಬೆಳ್ಳುಳ್ಳಿಯನ್ನು ಬೆಣ್ಣೆಯಲ್ಲಿ ಕೆಂಪಗೆ ಹುರಿದೆವು, ಈರುಳ್ಳಿಯನ್ನು ಕಂದು ಬಣ್ಣಕ್ಕೆ ಬಾಡಿಸಿದೆವು. ಮೆಣಸು ಕುಟ್ಟಿದೆವು, ಲಿಂಬೆ ಹಿಂಡಿದೆವು. ಸಿರಿ ಒಂದು ತುತ್ತು ತಿಂದು ಚಮಚ ಕೆಳಗಿಟ್ಟಳು.

"ಇವತ್ತ ಚಲೋ ಇಲ್ಲ."

ಸುಳ್ಳು ಹೇಳಲು ಬಾಯಿ ತೆರೆದವಳು ಮುಚ್ಚಿದೆ. "ನಿನ್ನಿ ತನಕ ತಪ್ಪಿ ಉಪ್ಪು ಬಿದ್ದಿತ್ತು, ಪುಟ್ಟಿ. ಅದಕ್ಕ ನಿನ್ನ ಕಾಲು ಊದ್ಯಾವ. ಇವತ್ತು ಹಾಕಿಲ್ಲ."

ಅತ್ತೆ ತಾವೊಂದು ತಟ್ಟೆ ಹಾಕಿಕೊಂಡು ಅವಳೆದುರು ಕುಂತರು. ಜೀವಮಾನದಲ್ಲಿ ಮ್ಯಾಕರೋನಿ ಮುಟ್ಟಿದವರಲ್ಲ. ಒಂದು ಚಮಚ ಬಾಯಿಗಿಟ್ಟು, ನುಂಗಲೂ ಆಗದೆ ಉಗುಳಲೂ ಆಗದೆ ಕಣ್ಣು ಮುಚ್ಚಿದರು.

"ಅಜ್ಜಿ ಮಾರಿ ನೋಡಮ್ಮಾ," ಸಿರಿ ಕಿಸಕ್ಕೆಂದಳು.

"ಏನ್ ನಗ್ತೀಲೇ. ನೀ ಒಂದು ತಿನ್ನು, ನಾ ಒಂದು ತಿಂತೀನಿ. ಯಾರ್ ಸೋಲ್ತಾರೋ ನೋಡೂಣು."

ಹದಿನಾಲ್ಕು ಚಮಚ. ಅತ್ತೆ ಸೋತರು.

ಮೂರನೆಯ ದಿನ ತೂಕ ಇಳಿದಿತ್ತು. ಮಗುವಿನ ತೂಕ ಇಳಿಯಿತೆಂದು ಪೇಡೆ ಹಂಚಿದ ತಾಯಿ ಹೊಸಪೇಟೆಯಲ್ಲಿ ನಾನೊಬ್ಬಳೇ ಇರಬೇಕು. ವಾರ ಕಳೆದ ಮೇಲೆ ಸಾಕ್ಸ್‌ನ ಅಚ್ಚೂ ಹೋಯಿತು.

ಈಗಲೂ ಪ್ರತಿ ಬೆಳಿಗ್ಗೆ ಅವಳ ಯೂರಿನ್‌ನಲ್ಲಿ ಸ್ಟ್ರಿಪ್ ಅದ್ದಿ ನೋಡುತ್ತೇನೆ. ಹಸಿರಾದರೆ ಜರಡಿ ಮತ್ತೆ ಸೋರುತ್ತಿದೆ ಎಂದರ್ಥ. ಸದ್ಯಕ್ಕೆ ಹಳದಿಯೇ ಇದೆ, ನನ್ನ ಮ್ಯಾಕರೋನಿಯ ಹಾಗೆ. ಇದು ತಿರುಗಿ ಬರುವ ಕಾಯಿಲೆ ಎಂದು ಡಾಕ್ಟರು ಹೇಳಿದ್ದಾರೆ. ಬರಲಿ, ಹೆದರಲು ನಾನಂತೂ ಸದಾ ತಯಾರು. ಬೆಳ್ಳುಳ್ಳಿಯೂ ಸುಲಿದಿಟ್ಟಿದೆ.

ಊಟಕ್ಕೆ ಈಗ ಸ್ವಲ್ಪ ಉಪ್ಪು ಹಾಕಬಹುದು ಎಂದಿದ್ದಾರೆ ಡಾಕ್ಟರು. ಸಂಜೆಯ ಮ್ಯಾಕರೋನಿಯನ್ನು ಮಾತ್ರ ಹಾಗೇ ಸಪ್ಪೆ ಉಳಿಸಿಕೊಂಡಿದ್ದೇವೆ. ಮೊನ್ನೆ ಅತ್ತೆ ದೀಪ ಹಚ್ಚಿ, ಕೈಮುಗಿದು, ನೇರ ಒಲೆಯ ಹತ್ತಿರ ಬಂದು ಸೌಟು ತಿರುವಿದರು. ಆಮೇಲೆ ದೇವರ ಕೋಣೆಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದರು:

"ಉಪ್ಪು ಹಾಕಿಲ್ಲವ್ವಾ. ಬರೇ ರುಚಿ ಹಾಕೀನಿ."