ಅಕ್ಕ ಕಟ್ಟಿಟ್ಟ ಸಾಮಾನು

ಅಕ್ಕನ ಬಲಗಾಲು ಮಡಚುತ್ತಿರಲಿಲ್ಲ. ಈ ಒಂದು ಸಾಲು ಬರೆದು ಪೆನ್ನು ಕೆಳಗಿಟ್ಟದ್ದು ಎಷ್ಟು ಸಲವೋ. ಒಮ್ಮೆ ಕಣ್ಣಿನ ಪೊರೆಯ ನೆಪ, ಒಮ್ಮೆ ಮನೆಯಲ್ಲಿ ಮದುವೆಯ ನೆಪ. ಈಗ ನೆಪ ಹುಡುಕುವುದಕ್ಕೂ ತ್ರಾಣವಿಲ್ಲ. ಹೇಳಿಬಿಡುತ್ತೇನೆ.

ಆ ಕಾಲನ್ನು ಮುಂದಕ್ಕೆ ಚಾಚಿ ಅಕ್ಕ ಲಾರಿಯ ಸವೆದ ಟೈರೊಂದರ ಮೇಲೆ ಕೂಡುತ್ತಿದ್ದಳು. ಕಾಲಿನ ಆಚೆ ಈಚೆ ಗೋಣಿತಟ್ಟು, ಅದರ ಮೇಲೆ ಮೋಟಾರುಗಳ ಹಳೆಯ ಸಾಮಾನು. ಅಂಗೈ ಗೆರೆಗಳೆಲ್ಲ ಗ್ರೀಸು ಕುಡಿದು ಕಪ್ಪಾಗಿದ್ದವು. ಎಲೆಗೆ ಸುಣ್ಣ ಹಚ್ಚುವ ಬೆರಳ ತುದಿ ಮಾತ್ರ ಬೆಳ್ಳಗೆ. ಎಲೆ, ಅಡಿಕೆ, ತಂಬಾಕು ಇರುತ್ತಿದ್ದದ್ದು ಯಾವುದೋ ಟ್ರಕ್ಕಿನ ಹೆಡ್‌ಲೈಟಿನ ಬಟ್ಟಲಿನಲ್ಲಿ. ಬುಧವಾರ ಮತ್ತು ರವಿವಾರ ಪುಣೆಯ ಹಳೆಯ ಸಾಮಾನಿನ ಸಂತೆ ಜುನಾ ಬಾಜಾರ ಕೂಡಿದಾಗ ಆಕೆ ಅಲ್ಲಿರಲೇಬೇಕು. ಗುಲಬರ್ಗಾ ಕಡೆಯವಳು. ಗಂಡನೊಂದಿಗೆ ಕಟ್ಟಡದ ಕೆಲಸಕ್ಕೆ ಬಂದು, ಗಂಡ ತೀರಿಕೊಂಡ ಮೇಲೆ ತಾನೂ ಗೋಡೆಗೆ ಕಟ್ಟಿದ ಬೊಂಬಿನ ಪರಾಂಚಿಯಿಂದ ಬಿದ್ದು ಮೊಣಕಾಲು ಕಳೆದುಕೊಂಡು, ಕೂತು ಮಾಡುವ ಕೆಲಸವೆಂದು ಮೋಡಕಾ, ಅಂದರೆ ಗುಜರಿ, ವ್ಯಾಪಾರ ಹಿಡಿದಿದ್ದಳು. ಬಾಜಾರಕ್ಕೆಲ್ಲ ಆಕೆ ಮಾವಶಿ, ಮರಾಠಿಯ ಚಿಕ್ಕಮ್ಮ. ನಾನು ಬೆಳಗಾವಿ ಕಡೆಯವನು, ಕನ್ನಡ ಕೇಳಿದ್ದೇ ಅಕ್ಕಾ ಎಂದೆ. ಅದೇ ಉಳಿಯಿತು.

ನಾನು ಮೆಟ್ರಿಕ್ ಮುಗಿಸಿ ಪುಣೆಗೆ ಬಂದು ಕ್ಯಾಂಪ್ ಬಡಾವಣೆಯ ಬಂಗಲೆಯೊಂದರಲ್ಲಿ ಡ್ರೈವರನಾಗಿದ್ದೆ. ಸಾಹೇಬರ ತಂದೆ ಹಾಲು ಸಾಗಿಸಲೆಂದು ಕೊಂಡಿದ್ದ ಅಮೆರಿಕದ ಪಿಕ್‌ಅಪ್ ಒಂದು ಹಿತ್ತಲಿನ ಕೊಟ್ಟಿಗೆಯಲ್ಲಿ ಹುಲ್ಲಿನ ಕೆಳಗೆ ಮಲಗಿತ್ತು. ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಹಳೆಯ ಗಾಡಿಗಳನ್ನು ಹೊಳೆಯುವಂತೆ ಮಾಡಿ ಮೆರವಣಿಗೆ ತೆಗೆಯುವ ಹುಚ್ಚು ದೊಡ್ಡವರಿಗೆ ಹತ್ತಿತು. ಸಾಹೇಬರಿಗೂ ಹತ್ತಿತು. ಪ್ರತಿ ಸಾಮಾನೂ ಅದೇ ಗಾಡಿಯದೇ ಆಗಬೇಕು, ಬೇರೆಯದನ್ನು ಕೊರೆದು ಕೂಡಿಸಿದರೆ ನಡೆಯದು ಎಂದರು. ಅಂದಿನಿಂದ ಗಾಡಿ ನಡೆಸುವ ನಾನು ನಡೆಯುವವನಾದೆ. ನಾನಾ ಪೇಟೆಯ ಅಂಗಡಿಯವರು ಗಾಡಿಯ ಹೆಸರು ಕೇಳಿಯೇ ನಗುತ್ತಿದ್ದರು. ಖಡಕಿಯಲ್ಲಿ ಮಿಲಿಟರಿ ಹರಾಜಿನ ರಾಶಿ, ಭವಾನಿ ಪೇಟೆಯ ಗೋದಾಮು, ಮತ್ತೆ ಜುನಾ ಬಾಜಾರ. ಸಂಜೆ ಬಂಗಲೆಯ ಮೆಟ್ಟಿಲು ಹತ್ತುವಾಗ ವರಾಂಡದಿಂದ ಒಂದೇ ಪ್ರಶ್ನೆ: “ಕ್ಯೋಂ, ಆಜ್ ಭೀ ಖಾಲೀ ಹಾಥ್?” ಬರಿಗೈ ಎಂಬುದು ಎಷ್ಟು ಭಾರವೆಂದು ನನಗೆ ಆಗ ಗೊತ್ತಾಯಿತು.

ಅಕ್ಕ ನನ್ನನ್ನು ದೂರದಿಂದಲೇ ಕಂಡು ಪಕ್ಕದವರಿಗೆ ಹೇಳುತ್ತಿದ್ದಳು, “ಬಂದ ನೋಡ್ರಿ ಸಾಹೇಬನ ಎತ್ತು. ಗಾಡಿ ನೆಳ್ಳಾಗ ಮಲಗ್ಯದ, ಡ್ರೈವರ ಬಿಸಿಲಾಗ ಓಡ್ಲಿಕ್ಕತ್ತಾನ.”

“ಏನ್ ಮಾಡ್ಲಿ ಅಕ್ಕಾ, ಹೊಟ್ಟಿಪಾಡು.”

“ಹೊಟ್ಟಿ ಅಂದಿ ಅಲ್ಲ, ಕುಂಡ್ರು. ರೊಟ್ಟಿ ಅದ.”

ಜೋಳದ ರೊಟ್ಟಿ, ಶೇಂಗಾ ಹಿಂಡಿ, ಒಂದು ಉಳ್ಳಾಗಡ್ಡಿ. ರೊಟ್ಟಿಯ ಅಂಚಿಗೆ ಗ್ರೀಸಿನ ಬೆರಳಚ್ಚು ಬಿದ್ದಿದ್ದರೆ ಆ ಚೂರನ್ನು ತಾನು ತಿಂದು ಉಳಿದದ್ದನ್ನು ನನಗೆ ಕೊಡುತ್ತಿದ್ದಳು. ನನ್ನ ದಣಿವನ್ನು ಆ ಊರಿನಲ್ಲಿ ಕಂಡವಳು ಆಕೆಯೊಬ್ಬಳೇ.

ಅಕ್ಕನಿಗೆ ಯಂತ್ರದ ಜ್ಞಾನವೇನೂ ಇರಲಿಲ್ಲ. ಬ್ರೇಕಿನ ಸಾಮಾನನ್ನು ಕ್ಲಚ್ಚಿನದೆಂದು ಮಾರಿ ಬೈಸಿಕೊಂಡದ್ದೂ ಉಂಟು. ಆಕೆಗಿದ್ದದ್ದು ಮಾತು. ಯಾರಾದರೂ ಬಂದು ಇಂಥದ್ದು ಬೇಕು ಎಂದರೆ ಮುಂಗಡ ತೆಗೆದುಕೊಳ್ಳುತ್ತಿರಲಿಲ್ಲ. ಅವರು ಉಟ್ಟ ಬಟ್ಟೆಯ ತುದಿಯಿಂದ ಒಂದು ಚಿಂದಿ ಹರಿದು ಇಟ್ಟುಕೊಳ್ಳುತ್ತಿದ್ದಳು. ಓದು ಬರಹ ಇರಲಿಲ್ಲವಲ್ಲ. ಸಾಮಾನು ಸಿಕ್ಕ ದಿನ ಆ ಚಿಂದಿಯನ್ನು ಅದಕ್ಕೆ ಗಂಟು ಹಾಕಿ, ಬೆನ್ನ ಹಿಂದೆ ಗೋಣಿಯ ಕೆಳಗೆ ಇಡುವಳು. ಆಮೇಲೆ ಎರಡು ಪಟ್ಟು ಕೊಡುತ್ತೇನೆಂದು ಯಾರು ಬಂದರೂ ಅದು ಹೊರಗೆ ಬಾರದು. “ಕಬ್ಬಿಣಕ್ಕ ಅವಸರ ಇಲ್ಲ ತಮ್ಮಾ, ಅವಸರ ಇರೋದು ಮಂದಿಗಿ,” ಎನ್ನುತ್ತಿದ್ದಳು. ಸೊಲ್ಲಾಪುರದಿಂದ, ಸಾತಾರದಿಂದ ಡ್ರೈವರುಗಳು ಆಕೆಯನ್ನೇ ಹುಡುಕಿ ಬರುತ್ತಿದ್ದದ್ದು ಈ ಚಿಂದಿಯ ನಂಬಿಕೆಗೆ.

ನಮ್ಮ ಪಿಕ್‌ಅಪ್ಪಿಗೆ ಕೊನೆಗೆ ಉಳಿದದ್ದು ಕ್ರೌನ್-ಪಿನಿಯನ್: ಹಿಂದಿನ ಚಕ್ರಗಳಿಗೆ ಇಂಜಿನ್ನಿನ ಬಲ ಮುಟ್ಟಿಸುವ ಹಲ್ಲಿನ ಚಕ್ರಗಳ ಜೋಡಿ. ಅದಿಲ್ಲದಿದ್ದರೆ ಇಂಜಿನ್ ಎಷ್ಟು ಗುರುಗುಟ್ಟಿದರೂ ಗಾಡಿ ಕದಲದು. ನಾನು ಅಂಗಿಯ ತುದಿ ಒಡ್ಡಿದಾಗ ಅಕ್ಕ ಖಾಕಿ ಚಿಂದಿ ಹರಿದುಕೊಂಡು ಹೇಳಿದಳು, “ಇದು ಗಂಡ-ಹೆಂಡ್ತಿ ಇದ್ದಂಗ, ಜೋಡೀನೇ ಸಿಗಬೇಕು. ಆದ್ರ ದೌಂಡದವ ನಿನಕಿಂತ ಮೊದ್ಲು ಕೇಳ್ಯಾನ. ಸಿಕ್ಕರ ಮೊದ್ಲು ಅವಗ, ಹಿಂದ ನಿನಗ.”

ದೌಂಡದವರನ್ನು ನಾನೂ ಕಂಡಿದ್ದೆ. ಸೊಲ್ಲಾಪುರದ ಹಾದಿಯ ದೌಂಡ ಎಂಬ ಊರಿನ ವಯಸ್ಸಾದ ಮರಾಠಿ ಮನುಷ್ಯ, ನನ್ನಂತೆಯೇ ಖಾಕಿ ಅಂಗಿ. ಅದೇ ಮಾಡಲಿನ ಪಿಕ್‌ಅಪ್ಪಿನಲ್ಲಿ ಸುತ್ತಲ ಹಳ್ಳಿಗಳ ತರಕಾರಿಯನ್ನು ಮಾರ್ಕೆಟ್ಟಿಗೆ ಸಾಗಿಸಿ ಬದುಕುತ್ತಿದ್ದರು. ಗಾಡಿ ನಿಂತುಹೋಗಿತ್ತು. ಪ್ರತಿ ರವಿವಾರ ರೈಲಿಗೆ ಬಂದು, ಚಪ್ಪಲಿ ಬಿಟ್ಟು ಅಕ್ಕನ ಮುಂದೆ ಕುಕ್ಕರಗಾಲಲ್ಲಿ ಕೂತು ಕೇಳುತ್ತಿದ್ದರು, “ಕಾಯ್ ಮಾವಶಿ, ಸಾಪಡ್ಲಾ ಕಾ?” ಸಿಗಲಿಲ್ಲವೆಂದರೆ ನಕ್ಕು ಎದ್ದು ಹೋಗುವರು. ನನಗೆ ಬೇಕಾದದ್ದು ಮೆರವಣಿಗೆಗೆ, ಅವರಿಗೆ ಬೇಕಾದದ್ದು ಅನ್ನಕ್ಕೆ. ಇದು ನನಗೆ ಅಂದೂ ತಿಳಿದಿತ್ತು. ತಿಳಿಯದೆ ಮಾಡಿದೆನೆಂದು ಹೇಳಲಾರೆ.

ಒಂದು ಬುಧವಾರ ಅಕ್ಕ ಖಡಕಿಯ ಹರಾಜಿಗೆ ಹೋಗಿದ್ದಳು. ಟೈರಿನ ಮೇಲೆ ಆಕೆಯ ಸೊಸೆ ಕೂತಿದ್ದಳು. ಹೊಸದಾಗಿ ಯಾದಗಿರಿ ಕಡೆಯಿಂದ ಬಂದ ಹುಡುಗಿ, ಮರಾಠಿ ಬಾರದು, ಗದ್ದಲಕ್ಕೆ ಹೆದರಿ ಸೆರಗಿನ ತುದಿ ಕಚ್ಚಿಕೊಂಡಿದ್ದಳು. ನನ್ನ ಕನ್ನಡ ಕೇಳಿ ಮುಖ ಅರಳಿತು. ಗೋಣಿಯ ಕೆಳಗಿಂದ ಭಾರದ ಜೋಡಿಯೊಂದನ್ನು ಎರಡೂ ಕೈಯಿಂದ ಎತ್ತಿ ಮುಂದಿಟ್ಟಳು. ಅದಕ್ಕೆ ಮಾಸಿದ ಖಾಕಿ ಚಿಂದಿ ಕಟ್ಟಿತ್ತು.

“ನಿಮ್ದೇ ಅಲ್ರಿ ಅಣ್ಣಾರ? ಖಾಕಿ ಅಂಗ್ಯಾವರು ಬಂದ್ರ ಕೊಡು ಅಂದಾರ್ರಿ ನಮ್ಮತ್ತಿ.”

ನನ್ನ ಅಂಗಿ ಹೊಸದು, ಸಾಹೇಬರು ದೀಪಾವಳಿಗೆ ಹೊಲಿಸಿಕೊಟ್ಟದ್ದು. ಆ ಚಿಂದಿ ಒಗೆದು ಒಗೆದು ಬಣ್ಣ ಹೋದದ್ದು. ಅಕ್ಕನಾದರೆ ಕಣ್ಣು ಮುಚ್ಚಿಯೂ ಬೇರೆ ಮಾಡುತ್ತಿದ್ದಳು. ನಾನು ಹೌದೆನ್ನಲಿಲ್ಲ. ಅಲ್ಲವೆನ್ನಲೂ ಇಲ್ಲ. ಚೀಲದ ಬಾಯಿ ಅಗಲಿಸಿ ಹಿಡಿದೆ, ಅಷ್ಟೆ. ಅವಳೇ ಒಳಗಿಟ್ಟಳು. “ಭಾರ ಅದ, ಸವಕಾಶ ಒಯ್ರಿ,” ಎಂದಳು. ಅಕ್ಕ ಹೇಳಿಟ್ಟ ಬೆಲೆ ಕೊಟ್ಟು ಬಂದೆ. ಬಾಯಿಂದ ಸುಳ್ಳಾಡಿಲ್ಲ ಎಂಬ ಸಮಾಧಾನ ಬಂಗಲೆ ಮುಟ್ಟುವವರೆಗೂ ಜೊತೆಗಿತ್ತು.

ಆ ಸಮಾಧಾನವೂ ರವಿವಾರದವರೆಗೆ ಮಾತ್ರ. ಬಾಗಿಲಿನ ಹಿಡಿಕೆ ಬೇಕೆಂದು ಸಾಹೇಬರು ಮತ್ತೆ ಬಾಜಾರಕ್ಕೆ ಕಳಿಸಿದರು. ಹೋಗದಿದ್ದರೆ ಸಂಶಯ ಬರುತ್ತದೆಂದು ಅಕ್ಕನ ಕಡೆಗೇ ಹೋದೆ. ದೌಂಡದವರು ಆಗಲೇ ಕೂತಿದ್ದರು. ಸಿಕ್ಕಿದೆಯೆಂದು ಅಕ್ಕ ಯಾರ ಕೈಯಲ್ಲೋ ಹೇಳಿಕಳಿಸಿದ್ದಳಂತೆ. ಸಾಮಾನು ಹೊರುವುದಕ್ಕೆ ಅಳಿಯನನ್ನೂ ಕರೆತಂದಿದ್ದರು. ಅಕ್ಕ ಗೋಣಿ ಎತ್ತಿ ನೋಡಿದಳು. ಇನ್ನೊಂದು ಗೋಣಿ ಎತ್ತಿದಳು. ಆಮೇಲೆ ಸೊಸೆಯನ್ನು ನೋಡಿದಳು.

“ಕೊಟ್ಟೀನಿ ಅತ್ತಿ, ಬುಧವಾರ. ಖಾಕಿ ಅಂಗ್ಯಾವರಿಗೇ ಕೊಟ್ಟೀನಿ. ರೊಕ್ಕ ಅವತ್ತಿನ ಗಲ್ಲಾದಾಗ ಹಾಕೀನಿ.”

“ಯಾವ ಖಾಕಿ? ಇವರು ಇಲ್ಲೇ ಕುಂತಾರಲ್ಲ.”

ಹುಡುಗಿ ನನ್ನ ಕಡೆ ಬೆರಳು ಮಾಡಲಿಲ್ಲ. ದೊಡ್ಡವರ ಕಡೆ ಬೆರಳು ಮಾಡಬಾರದೆಂದು ಕಲಿತ ಮನೆತನದವಳು. ಗದ್ದ ಎತ್ತಿ, “ಈ ಅಣ್ಣಾರೇ ಒಯ್ದಾರ್ರಿ,” ಎಂದಳು.

ಅಕ್ಕ ನನ್ನತ್ತ ತಿರುಗಿದಳು. ಆಕೆಯ ಕಣ್ಣಿನಲ್ಲಿ ಸಂಶಯವಿರಲಿಲ್ಲ. ಇವನೇ ಈಗ ಬಿಡಿಸಿ ಹೇಳುತ್ತಾನೆ ಎಂಬ ಧೈರ್ಯವಿತ್ತು. ಆಗ ಹೇಳಬಹುದಿತ್ತು. ಜೋಡಿ ಇನ್ನೂ ಬಂಗಲೆಯ ಕೊಟ್ಟಿಗೆಯಲ್ಲೇ ಇತ್ತು, ಗಾಡಿಗೆ ಕೂಡಿಸಿರಲಿಲ್ಲ.

“ಇಲ್ಲಕ್ಕಾ, ಬುಧವಾರ ನಾ ಈ ಕಡೆ ಬಂದೇ ಇಲ್ಲ,” ಎಂದೆ. ಸಾಲದೆಂದು ಇನ್ನೊಂದು ಸೇರಿಸಿದೆ: “ನಮಗ ಸಾಹೇಬರು ಮುಂಬೈಯಿಂದ ತರಿಸ್ಯಾರ. ಪುಣೆದಾಗ ಖಾಕಿ ಡ್ರೈವರ್ ಕಾಗಿ ಇದ್ದಂಗ ಅದಾರ, ಯಾರನ್ನೋ ನೋಡಿರಬೇಕು ಪಾಪ.”

ಪಾಪ ಎಂಬ ಮಾತನ್ನು ನಾನೇ ಆಡಿದೆ.

ಅಕ್ಕ ಸೊಸೆಯ ಕೆನ್ನೆಗೆ ಹೊಡೆದಳು. ಗ್ರೀಸಿನ ನಾಲ್ಕು ಬೆರಳು ಮೂಡಿದವು. “ತಪ್ಪ ಮಾಡಿದ್ದಲ್ದ, ನನ್ನ ರೊಟ್ಟಿ ಉಂಡ ತಮ್ಮನ ಮ್ಯಾಲ ಹಾಕ್ತಿ? ನನ್ನ ಮಾತು ಮಣ್ಣಾಗ ಕೂಡಿಸಿದಿ.” ದೌಂಡದವರೇ ನಡುವೆ ಬಂದು, ಜಾವೂ ದ್ಯಾ ಮಾವಶಿ, ಪೋರ ಆಹೇ, ಹೋಗಲಿ ಬಿಡಿ, ಮಗು ಎಂದು ಕೈ ಹಿಡಿದರು. ಹುಡುಗಿ ಅಳಲಿಲ್ಲ. ನನ್ನನ್ನೇ ನೋಡುತ್ತಿದ್ದಳು, ಸಿಟ್ಟಿನಿಂದಲ್ಲ. ಹಗಲಿನಲ್ಲಿ ಕಣ್ಣಾರೆ ಕಂಡದ್ದನ್ನು ಒಬ್ಬ ದೊಡ್ಡ ಮನುಷ್ಯ ಇಲ್ಲವೆನ್ನುವುದು ಹೇಗೆ ಎಂದು ತಿಳಿಯದವಳಂತೆ.

ಅಂದಿನಿಂದ ಅವಳನ್ನು ಅಂಗಡಿಯಲ್ಲಿ ಕೂಡಿಸಲಿಲ್ಲ. ಬಿಬವೇವಾಡಿಯಲ್ಲಿ ಏಳುತ್ತಿದ್ದ ಕಟ್ಟಡಗಳಿಗೆ ಉಸುಕಿನ ಬುಟ್ಟಿ ಹೊರಲು ಕಳಿಸಿದರು. ಕೆಲವೊಮ್ಮೆ ಅಕ್ಕನೇ ರೊಟ್ಟಿ ಮುರಿಯುತ್ತ ಹೇಳುವಳು, “ಕೆಲಸಕ್ಕ ಗಟ್ಟಿ ಇದ್ದಾಳ ತಮ್ಮಾ, ಖರೇ ಅನ್ನೋದು ಒಂದಿಲ್ಲ. ಇವತ್ತಿಗೂ ಅದೇ ಹಟ, ನೀನೇ ಒಯ್ದಿ ಅಂತಾಳ. ಮಗನೂ ನಂಬಂಗಿಲ್ಲ ಆಕಿನ್ನ.” ನಾನು ಆ ರೊಟ್ಟಿಯನ್ನು ತಿನ್ನುತ್ತಿದ್ದೆ.

ಪಿಕ್‌ಅಪ್ ಮೆರವಣಿಗೆಯಲ್ಲಿ ಓಡಿತು. ಬಾಟಲಿ ಹಸಿರು ಬಣ್ಣ, ಬಿಳಿಯ ಅಂಚಿನ ಟೈರು. ಮುಂದೆ ಸಾಹೇಬರು ಕೈ ಬೀಸುತ್ತಿದ್ದರು, ನಾನು ಸ್ಟಿಯರಿಂಗ್ ಹಿಡಿದಿದ್ದೆ. ಜನ ಚಪ್ಪಾಳೆ ತಟ್ಟಿದರು. ನನಗೆ ಹಿಂದಿನ ಆಕ್ಸಲ್ಲಿನ ಸದ್ದು ಬಿಟ್ಟು ಏನೂ ಕೇಳಲಿಲ್ಲ. ಒಂದೆರಡು ವರ್ಷದಲ್ಲಿ ದೌಂಡದವರ ಗಾಡಿ ಮೋಡಕಾಕ್ಕೆ ಬಂತು. ಸುದ್ದಿ ತಿಳಿದ ಸಾಹೇಬರು ಖುಷಿಯಿಂದ, ಇನ್ನು ಸ್ಪೇರ್ ಪಾರ್ಟುಗಳ ಚಿಂತೆಯಿಲ್ಲ, ಬೇಕಾದದ್ದೆಲ್ಲ ಬಿಚ್ಚಿಕೊಂಡು ಬಾ ಎಂದರು. ಅದರ ಬಾಗಿಲು, ಕನ್ನಡಿ, ಬಂಪರ್ ನಾನೇ ಬಿಚ್ಚಿದೆ. ಸೀಟಿನ ಸಂದಿಯಲ್ಲಿ ಒಣಗಿದ ಮೆಂತ್ಯದ ಎಲೆಗಳಿದ್ದವು.

ದೌಂಡದವರಿಗೆ ನಾನು ಹೇಳಿದ್ದೇನೆ. ಸೊಲ್ಲಾಪುರಕ್ಕೆ ಹೋಗುವಾಗ ಅಲ್ಲಿನ ಸ್ಟೇಷನ್ನಿನಲ್ಲಿ ಇಳಿದು, ಅವರ ಮನೆ ಹುಡುಕಿ, ಕೈ ಮುಗಿದು ಎಲ್ಲ ಹೇಳಿದೆ. ಅವರು ಅಂಗಳದಲ್ಲೇ ಕೂಡಿಸಿ, ಒಳಗಿನಿಂದ ನೀರು ತರಿಸಿಕೊಟ್ಟರು. ಅವರು ಬೈದಿದ್ದರೆ ಹಗುರಾಗುತ್ತಿದ್ದೆ.

ಅಕ್ಕನಿಗೆ ಹೇಳುವಷ್ಟರಲ್ಲಿ ಎಂಬತ್ತರ ದಶಕ ಮುಗಿಯಲು ಬಂದಿತ್ತು. ಯೆರವಡಾದ ಗುಡಿಸಿಲಿನಲ್ಲಿ ಆಕೆ ಮಲಗಿದ್ದಳು. ಹೊಟ್ಟೆಯಲ್ಲಿ ಗಡ್ಡೆ, ದವಾಖಾನೆಯವರು ಮನೆಗೆ ಒಯ್ಯಿರಿ ಅಂದಿದ್ದರು. ಕೈಗಳು ಬೆಳ್ಳಗಾಗಿದ್ದವು. ಅಷ್ಟು ವರ್ಷಗಳ ಗ್ರೀಸು ಹೋದ ಮೇಲೆ ಅವು ಬೇರೆ ಯಾರದೋ ಕೈಯಂತಿದ್ದವು. ಮಧ್ಯಾಹ್ನ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಎಲ್ಲ ಹೇಳಿದೆ. ಚೀಲದ ಬಾಯಿ ಅಗಲಿಸಿದ್ದು, ಮುಂಬೈಯ ಮಾತು, ಎಲ್ಲ. ಹೇಳಿ ಆಕೆಯ ಕಾಲು ಹಿಡಿದೆ.

ಅಕ್ಕ ಕಾಲು ಹಿಂದಕ್ಕೆ ಎಳೆದುಕೊಳ್ಳಲು ನೋಡಿದಳು. ಅದು ಮಡಚುವ ಕಾಲಲ್ಲ.

“ನನಗ್ಯಾಕ ಹೇಳ್ತಿ?” ಎಂದಳು. “ಏಟು ತಿಂದಾಕಿ ನಾನೇನು?”

ನಾನು ಕಾಲು ಬಿಟ್ಟು ಹಿಂದಕ್ಕೆ ಸರಿದೆ.

“ಆ ಏಟಿಗಿ ಎಂಟೊಂಬತ್ತು ವರ್ಷ ಆತು. ದಿನಾ ನನ್ನ ಉಚ್ಚಿ-ಹೇಲು ಬಳೀಲಿಕ್ಕತ್ಯಾಳ. ಒಂದಿನ ಬ್ಯಾಸರಿಲ್ಲ. ನಾ ಸತ್ತ ಮ್ಯಾಲೂ ಆಕಿ ಸುಳ್ಳಿ ಅನ್ನಿಸ್ಕೊಂಡೇ ಇರ್ಲೇನು?” ಉಸಿರು ಹಿಡಿದುಕೊಂಡು ಮತ್ತೆ ಹೇಳಿದಳು, “ನೀರಿಗಿ ಹೋಗ್ಯಾಳ. ಬರ್ತಾಳ ಈಗ. ಕುಂಡ್ರು. ಮೊದ್ಲು ನೀ ಹೇಳು, ಹಿಂದ ನಾ ಆಕಿ ಕೈ ಹಿಡೀತೀನಿ. ನಾ ಒಬ್ಬಾಕೀನೇ ಹೇಳಿದ್ರ ಮುದುಕಿಗಿ ಬುದ್ಧಿ ಹೋಗ್ಯದ ಅಂತಾರ ಮಂದಿ. ಕುಂಡ್ರು ತಮ್ಮಾ.”

ಕುಳಿತೆ. ಓಣಿಯಲ್ಲಿ ಕೊಡಗಳ ಸದ್ದು, ನಳದ ಸಾಲಿನ ಜಗಳ ಕೇಳುತ್ತಿತ್ತು. ನನಗೆ ಆಗ ಮೂವರು ಮಕ್ಕಳು, ಕನ್ನಡದವರ ನಡುವೆ ಒಂದು ಹೆಸರು. ಓಣಿಯವರ ಎದುರು, ಆಕೆಯ ಗಂಡನ ಎದುರು ಇದನ್ನು ಹೇಳಬೇಕಾಗುತ್ತದೆ ಎಂದು ಎಣಿಸಿದೆ. ಸಾಹೇಬರ ಗಾಡಿ ಹೊರಗೆ ನಿಲ್ಲಿಸಿ ಬಂದಿದ್ದೇನೆ, ನೋಡಿ ಬರುತ್ತೇನೆ ಎಂದು ಎದ್ದೆ. ಅಕ್ಕ ಮುಖವನ್ನು ಗೋಡೆಯ ಕಡೆ ತಿರುಗಿಸಿದಳು.

ಓಣಿಯ ತಿರುವಿನಲ್ಲಿ ತಲೆಯ ಮೇಲೊಂದು, ಟೊಂಕದಲ್ಲೊಂದು ಕೊಡ ಹೊತ್ತು ಅವಳು ಎದುರಾದಳು. ನಿಂತು ದಾರಿ ಬಿಟ್ಟಳು.

“ಹೊಂಟ್ರ್ಯಾ ಅಣ್ಣಾರ? ಚಾ ಮಾಡ್ತೀನಿ ನಿಲ್ರಿ.”

“ಇರಲಿ, ಇನ್ನೊಮ್ಮೆ ಬರ್ತೀನಿ,” ಎಂದೆ.

ಅಕ್ಕ ಆ ವಾರವೇ ಹೋದಳು. ಸುದ್ದಿ ನನಗೆ ಮುಟ್ಟಿದಾಗ ಮಣ್ಣಾಗಿ ಎಷ್ಟೋ ದಿನವಾಗಿತ್ತು. ಗುಡಿಸಿಲಿಗೆ ಹೋದರೆ ಬೀಗ. ಗಂಡ-ಹೆಂಡತಿ ಊರ ಕಡೆ ಹೋದರೆಂದು ಪಕ್ಕದವರು ಹೇಳಿದರು. ಯಾವ ಊರೆಂದು ಕೇಳಿದೆ, ಅವರಿಗೂ ಗೊತ್ತಿರಲಿಲ್ಲ. ಸಾಯುವ ಮೊದಲು ಅಕ್ಕ ಆಕೆಯ ಕೈ ಹಿಡಿದಳೋ, ನನಗಾಗಿ ಕಾದು ಹಾಗೆಯೇ ಹೋದಳೋ, ತಿಳಿಯದು.

ದೌಂಡದವರ ಅಂಗಳದಲ್ಲಿ ಕೈ ಮುಗಿದಿದ್ದೇನೆ, ಅಕ್ಕನ ಕಾಲು ಹಿಡಿದಿದ್ದೇನೆ, ದೇವರ ಮುಂದೆ ಎಷ್ಟು ಸಲ ತಪ್ಪೊಪ್ಪಿಕೊಂಡಿದ್ದೇನೋ ಲೆಕ್ಕವಿಲ್ಲ. ಕೇಳಿಸಿಕೊಳ್ಳಬೇಕಾದವಳಿಗೆ ಮಾತ್ರ ಹೇಳಲಿಲ್ಲ. ನಿಜ ಹೇಳಿ ಏಟು ತಿಂದವಳು, ಅಕ್ಕನ ಸೊಸೆ.