ಚಂಪಕ್ಕನ ನಮಸ್ಕಾರ

ನಾಶಿಕ್‌ನ ನಮ್ಮ ಬಡಾವಣೆಯ ಉಡುಪಿ ಹೋಟೆಲಿಗೆ ನಾನು ಕಾಲಿಟ್ಟರೆ ಸಾಕು, ದೋಸೆ ಕಾವಲಿಯ ಹಿಂದೆ ಚಂಪಕ್ಕ ನಡು ಬಗ್ಗಿಸುತ್ತಿದ್ದರು. ಕನ್ನಡ ಸಂಘದ ಉಪಾಧ್ಯಕ್ಷನಿಗೆ ಇಷ್ಟಾದರೂ ಮರ್ಯಾದೆ ಉಳಿದಿದೆಯಲ್ಲ ಎಂದು ನಾನೂ ಕೈ ಮುಗಿಯುತ್ತಿದ್ದೆ. ವರ್ಷಗಟ್ಟಲೆ ಹೀಗೇ ನಡೆಯಿತು. ಒಂದು ಬೆಳಿಗ್ಗೆ ಬಗ್ಗಿದವರು ಮೇಲೇಳಲೇ ಇಲ್ಲ.

"ಸಾಕ್ರಿ ಚಂಪಕ್ಕ, ಇಷ್ಟೆಲ್ಲ ಯಾಕ್ರಿ?"

"ಎಂತ ಸಾಕು ಮಾರಾಯ್ರೆ, ಇವರನ್ನು ಸ್ವಲ್ಪ ಕರೀರಿ."

ಗಂಡ ಮೋಹನದಾಸರು ಓಡಿ ಬಂದು ಎತ್ತಿ ನಿಲ್ಲಿಸಿದರು. ಸೊಂಟದಿಂದ ಎಡತೊಡೆಯ ಹಿಂದೆ ಇಳಿದು, ಮೊಣಕಾಲು ದಾಟಿ, ಹೆಬ್ಬೆರಳಿನ ತನಕ ಕರೆಂಟು ಹೊಡೆದ ಹಾಗಂತೆ. ಕೆಮ್ಮಿದರೆ ಇನ್ನೂ ಜೋರು.

"ವಾಯು ಅದರಿ ಇದು. ಒಂದ್ ತಿಂಗಳು ಹಲಗಿ ಮ್ಯಾಲ ಮಲಗ್ರಿ" ಎಂದು ನಾನು ತೀರ್ಪು ಕೊಟ್ಟೆ. ಮೂವತ್ತು ವರ್ಷ ಒಂದೇ ಕಾವಲಿಯ ಮುಂದೆ ನಿಂತವರಿಗೆ ನೋವಿಗಿಂತ ಆ ಮಾತೇ ಹೆಚ್ಚು ಚುಚ್ಚಿತು.

ಸಂಭಾಜಿನಗರದಲ್ಲಿರುವ ಮಗಳು ಹರ್ಷಿಣಿ ಫೋನಿನಲ್ಲಿ ನನ್ನನ್ನೂ ಮೀರಿಸಿದಳು. "ಅಮ್ಮಾ, ದೋಸೆಗೀಸೆ ಬಸ್ ಝಾಲಂ, ಸಾಕಿನ್ನು. ಕಾವಲಿ ಬಿಟ್ಟು ಇಲ್ಲೇ ಬಂದಿರು."

ಕೂರಲಾಗದ ಚಂಪಕ್ಕ ಬಸ್ಸಿನಲ್ಲಿ ಬಹುಪಾಲು ದಾರಿ ನಿಂತೇ ಹೋದರು. ಮುಂದಿನದನ್ನು ಹೇಳಿದ್ದು ಜೊತೆಗೆ ಹೋದ ಮೋಹನದಾಸರು. ಅಲ್ಲಿಯ ಮೂಳೆ ಡಾಕ್ಟರು ಮಲಗಿಸಿ, ಮಡಚದೆ ಕಾಲು ಮೇಲೆತ್ತಿದರು. ಅರ್ಧಕ್ಕೇ ಚಂಪಕ್ಕ ನೋವಿಗೆ ಡಾಕ್ಟರ ಕೈ ಹಿಡಿದುಬಿಟ್ಟರು. ಇದು ಸಯಾಟಿಕಾ ಎಂದರು ಡಾಕ್ಟರು. ಬೆನ್ನುಮೂಳೆಗಳ ನಡುವಿನ ಮೆತ್ತೆ ಜಾರಿ ಕಾಲಿನ ನರವನ್ನು ಒತ್ತುತ್ತಿದೆ. ಪಾದದ ಬಲ ಕುಂದಿದರೆ, ಮೂತ್ರದ ಹಿಡಿತ ತಪ್ಪಿದರೆ ತಕ್ಷಣ ಬರಬೇಕು. ಅಂಥದ್ದೇನೂ ಇಲ್ಲದ್ದರಿಂದ ಸದ್ಯಕ್ಕೆ ಎಂಆರ್‌ಐಯೂ ಬೇಡ, ಆಪರೇಷನ್ನೂ ಬೇಡ. ಸ್ವಲ್ಪ ದಿನ ಮಾತ್ರೆ, ವ್ಯಾಯಾಮ. ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ಇಳಿಯುತ್ತದೆ. ಮಲಗಿರಬೇಡಿ, ನಡೆಯಿರಿ. (ನನ್ನ ಹಲಗೆ ಅಲ್ಲಿಗೆ ಮುರಿಯಿತು.)

"ನನ್ನ ಕಾವಲಿ?" ಎಂದರು ಚಂಪಕ್ಕ.

"ದೋಸೆ ಹೇಗೆ ಹಾಕುತ್ತೀರಿ, ಮೆಲ್ಲಗೆ ತೋರಿಸಿ."

ತೋರಿಸಿದರು. ಒಂದೊಂದು ದೋಸೆಗೂ ಬಗ್ಗಿ, ಎಡಕ್ಕೆ ತಿರುಚಿ, ಕಟ್ಟೆಯಡಿಯ ಪಾತ್ರೆಯಿಂದ ಹಿಟ್ಟು ತೆಗೆಯಬೇಕು. ಗಿರಾಕಿಗಳ ಕಣ್ಣು ಬಿದ್ದರೆ ಹಿಟ್ಟು ಕೆಡುತ್ತದೆಂದು ಅತ್ತೆ ಅಡಗಿಸಿಟ್ಟ ಜಾಗ ಅದು.

"ದಿನಕ್ಕೆ ಎಷ್ಟು ಸಲ?"

"ಇನ್ನೂರು. ಆದಿತ್ಯವಾರ ಮುನ್ನೂರು."

ಡಾಕ್ಟರು ಪೆನ್ನು ಕೆಳಗಿಟ್ಟರು. "ಪಾತ್ರೆ ಸೊಂಟದ ಎತ್ತರಕ್ಕೆ ಬರಲಿ. ಕಾವಲಿ ಬಿಡಬೇಕಾಗಿಲ್ಲ."

ಎರಡು ತಿಂಗಳಾದ ಮೇಲೆ ಚಂಪಕ್ಕ ತಮ್ಮ ಜಾಗಕ್ಕೆ ಮರಳಿದರು. ಪಾತ್ರೆ ಈಗ ಎತ್ತರದ ಸ್ಟೂಲಿನ ಮೇಲಿದೆ. ಅತ್ತೆಯ ಮಾತಿಗೆಂದು ಅದಕ್ಕೊಂದು ಮುಚ್ಚಳ, ಪಕ್ಕದಲ್ಲಿ ನಿಂಬೆಹಣ್ಣು-ಮೆಣಸಿನಕಾಯಿ. ನಾನು ಒಳಬಂದು ರೂಢಿಯಂತೆ ಕೈ ಮುಗಿದೆ. ಅವರು ಕಂಬದಂತೆ ನೆಟ್ಟಗೆ ನಿಂತೇ ಇದ್ದರು.

"ಏನ್ರಿ ಚಂಪಕ್ಕ, ಈಗ ನಮ್ಮನ್ನ ಕಂಡ್ರ ಬಗ್ಗೂದೇ ಇಲ್ಲಲ್ರಿ?"

"ಬಗ್ಗಿದ್ದು ಹಿಟ್ಟಿಗೆ ಮಾರಾಯ್ರೆ, ನಿಮಗಲ್ಲ."